ಮೈಕಿನ ಸುತ್ತ ಮೆರವಣಿಗೆ

ಚಿತ್ರದುರ್ಗ
೧೮-೬-೧೯೭೪

ಚಿ. ಸೌ. ಚಂದ್ರಕ್ಕನಿಗೆ ನಿನ್ನಪ್ಪನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ಹೊಸದುರ್ಗದಿಂದ ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲವೆಂದು ನಿನ್ನವ್ವ ದಿನಾ ಬೈಯುತ್ತಾಳೆ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಮ್ಮ ಬ್ಯಾಂಡಿನ ಪ್ಲೇಟು ಬಂದಿದೆ, ಮಗಳೇ! ಅದು ಕೈಗೆ ಸಿಗಲಿ ಎಂದು ಕಾಯುತ್ತಿದ್ದೆ. ಈ ಕಾಗದದ ಜೊತೆ ಅದನ್ನೂ ಕಟ್ಟಿ ಕಳಿಸುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಗ್ರಾಮಫೋನಿದೆ. ನೀನು ಒಮ್ಮೆ ಹಾಕಿ ಕೇಳಬೇಕು, ನನಗೆ ಅಷ್ಟೇ ಆಸೆ.

ಬೆಂಗಳೂರಿನ ಪ್ಲೇಟು ಕಂಪನಿಯವರೊಬ್ಬರು ಹಿಂದೆ ಹಿರಿಯೂರಿನಲ್ಲಿ ತಮ್ಮ ಮದುವೆಗೆ ನಮ್ಮನ್ನು ಕರೆಸಿದ್ದರಂತೆ. ಪ್ಲೇಟಿಗೆ ಆ ಹಳೇ ಸೆಟ್ಟೇ ಬೇಕೆಂದು ಹಟ ಹಿಡಿದರು. ಹಳೇ ಸೆಟ್ಟು ಎಂದರೆ ಕೆಂಚಣ್ಣನ ದೊಡ್ಡ ಡ್ರಮ್ಮು, ಪಾಲಣ್ಣನ ಟ್ರಂಪೆಟ್ಟು, ನನ್ನ ಕ್ಲಾರಿನೆಟ್ಟು. ಅವರಿಬ್ಬರು ಹೊಳಲ್ಕೆರೆಯ ಮದುವೆಯಲ್ಲಿ ಯಾರು ಮುಂದೆ ನಡೆಯಬೇಕೆಂದು ಕಚ್ಚಾಡಿ, ಒಬ್ಬ ಎಡಗಡೆ ಬೀದಿಗೆ, ಇನ್ನೊಬ್ಬ ಬಲಗಡೆ ಬೀದಿಗೆ ಹೋಗಿ, ಮದುಮಗನ ಕಾರು ನಡುವೆ ನಿಂತುಬಿಟ್ಟದ್ದು ನಿನಗೇ ಗೊತ್ತು. ಅವತ್ತಿನಿಂದ ಮಾತಿರಲಿಲ್ಲ. ಒಪ್ಪಿಸುವಷ್ಟರಲ್ಲಿ ನನ್ನ ಚಪ್ಪಲಿ ಸವೆದವು.

ಇಲ್ಲೇ ಛತ್ರವೊಂದರಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ, ಮೈಕು ನಿಲ್ಲಿಸಿ, ನಮ್ಮನ್ನು ಕುರ್ಚಿಯಲ್ಲಿ ಕೂರಿಸಿದರು. ಒಂದು ಸ್ವರವೂ ನೆಟ್ಟಗೆ ಹೊರಡಲಿಲ್ಲ.

"ಕುಂತ್ಕಂಡು ಊದಿ ಅಭ್ಯಾಸ ಇಲ್ಲ ಸ್ವಾಮಿ. ಕಾಲು ಆಡಿದ್ರೇನೇ ಉಸಿರು ಬರೋದು" ಎಂದ ಪಾಲಣ್ಣ.

ಸರಿ, ನಿಂತು ನುಡಿಸಿ ಎಂದರು. ಹಾಡು ರಂಗೇರಿತು ನೋಡು, ನನಗೆ ಎಚ್ಚರವಾಗುವಷ್ಟರಲ್ಲಿ ನಾವು ಬೀದಿಯಲ್ಲಿದ್ದೆವು! ಯಾರ ಮನೆಯ ಮದುವೆಯೋ ಎಂದು ಒಬ್ಬ ಅಜ್ಜಿ ಆರತಿ ತಟ್ಟೆ ತಂದಳು. ಕಂಪನಿಯವರು "ಮೈಕು ಒಳಗಿದೆ ಕಣ್ರಪ್ಪಾ!" ಎಂದು ಕೂಗುತ್ತ ಹಿಂದೆ ಓಡಿಬಂದರು.

ಕೊನೆಗೆ ಮೈಕಿನ ಸುತ್ತಲೇ ನಡೆಯಿರಿ ಎಂದು ಕೈಮುಗಿದರು. ಗುಡಿಯಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತುತ್ತ ನುಡಿಸಿದೆವು. ನಡುವೆ ಕೆಂಚಣ್ಣ, "ಲೇ ಪಾಲ, ಈಗ ಮುಂದಿರೋನು ಯಾರಲೇ?" ಎಂದ. ಎಷ್ಟೋ ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಪಾಲಣ್ಣ ಊದುವುದು ಬಿಟ್ಟು ನಕ್ಕುಬಿಟ್ಟ. ಆ ನಗುವೂ ಪ್ಲೇಟಿನಲ್ಲಿದೆ. ಡ್ರಮ್ಮು ಒಮ್ಮೆ ಕಿವಿಯ ಪಕ್ಕದಲ್ಲಿ, ಒಮ್ಮೆ ಜೋಗಿಮಟ್ಟಿ ಬೆಟ್ಟದ ಆಚೆ ಕೇಳಿಸುತ್ತದೆ. ನಿಮ್ಮ ಗ್ರಾಮಫೋನು ಕೆಟ್ಟಿತೆಂದು ಬಿಚ್ಚಲು ಹೋಗಬೇಡಿ.

ಅಳಿಯಂದಿರಿಗೂ ಬೀಗರಿಗೂ ನನ್ನ ನಮಸ್ಕಾರ ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ.

ನಿನ್ನಪ್ಪ,
ಓಬಳೇಶಪ್ಪ

ಮತ್ತೊಂದು ಮಾತು. ಪ್ಲೇಟಿನ ಎರಡನೇ ಬದಿಯಲ್ಲಿರುವುದು ಹೆಣ್ಣು ಒಪ್ಪಿಸುವಾಗ ನುಡಿಸುವ ಹಾಡು. ನಿನ್ನ ಮದುವೆಯ ಹಿಂದಿನ ದಿನ ನೀನು, "ಅಪ್ಪಾ, ಅವರು ದೊಡ್ಡ ಮನೇರು. ನಾಳೆ ನೀನು ಬ್ಯಾಂಡಿನೋರ ಜೊತೆ ನಿಂತ್ಕಬ್ಯಾಡ" ಎಂದೆ. ಬೇರೆ ಊರಿನ ಬ್ಯಾಂಡು ಕರೆಸಿ, ನಾನು ಕೋಟು ಹಾಕಿಕೊಂಡು ಸುಮ್ಮನೆ ನಿಂತೆ. ಈ ಸೀಮೆಯ ಎಷ್ಟೋ ಹೆಣ್ಣುಮಕ್ಕಳನ್ನು ಆ ಹಾಡು ನುಡಿಸಿ ಕಳಿಸಿಕೊಟ್ಟವನು ನಾನು. ನನ್ನ ಮಗಳಿಗೆ ನುಡಿಸಲಿಲ್ಲವೆಂದು ಬಹಳ ನೋವಾಯಿತು, ಮಗಳೇ. ಮನೆಯಲ್ಲಿ ಯಾರೂ ಇಲ್ಲದಾಗ ಹಾಕು. ಯಾರಾದರೂ ಬಂದು ಇದು ಯಾರದು ಎಂದು ಕೇಳಿದರೆ, ಯಾವುದೋ ಬ್ಯಾಂಡು ಅನ್ನು.