ಬಾಲ ಬರೆದ ‘ಇಲ್ಲ’

ಮನೆ, ಮೂರನೇ ಮಹಡಿ
ಮಾರ್ಚ್ 21, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಇಳಿಯುವಾಗ ಈಗಲೂ ಗೋಡೆ ಹಿಡಿಯುತ್ತೀಯಾ, ಇಲ್ಲ ಕೊನೆಗೂ ಡಾಕ್ಟರ ಮಾತು ಕೇಳಿದೆಯಾ? ಮೂರು ವರ್ಷದ ಮೇಲೆ ಕಾಗದ ಬರೆಯುವವಳು ಮೊಣಕಾಲನ್ನು ವಿಚಾರಿಸುತ್ತಿದ್ದಾಳಲ್ಲ ಎಂದು ನಗಬೇಡ. ಅದಕ್ಕಿಂತ ಸುಲಭದ ಪ್ರಶ್ನೆ ಹೊಳೆಯಲಿಲ್ಲ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೋ. ಇಂಗ್ಲಿಷ್ ಶಾಲೆಗೆ ಹೋದ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ಕನ್ನಡ ಕಲಿಸಿದವಳು ನೀನು. ತಪ್ಪಿನಲ್ಲಿ ಅರ್ಧ ಪಾಲು ನಿನ್ನದು. ನಾನು ಚೆನ್ನಾಗಿದ್ದೇನೆ. ಅರ್ಧ ಲೀಟರ್ ಹಾಲು ಮುಗಿಯುವ ಮೊದಲೇ ಹುಳಿಯಾಗುತ್ತದೆ, ಅದೊಂದೇ ದೂರು.

ನಾನು ಕೆಲಸ ಬದಲಾಯಿಸಿದ್ದು ನಿನಗೆ ಗೊತ್ತೋ ಇಲ್ಲವೋ. ಎರಡು ವರ್ಷದ ಹಿಂದೆ ಹೊಸ ಆಫೀಸಿನ ವಿಳಾಸವಷ್ಟೇ ಬರೆದು ಕಾರ್ಡು ಹಾಕಿದ್ದೆ, ಉತ್ತರ ಬರಲಿಲ್ಲ. ಪೈಲಟ್ ತರಬೇತಿಗೆ ನೆರವು ಕೊಡುವ ಟ್ರಸ್ಟು ಇದು. ವರ್ಷಕ್ಕೆ ಒಬ್ಬರಿಗೆ ಮಾತ್ರ, ಆದರೆ ಪೂರ್ತಿ ಖರ್ಚು. ಅರ್ಜಿಗಳನ್ನು ಮೊದಲು ಓದುವವಳು ನಾನು. ಪಕ್ಷಪಾತ ಆಗಬಾರದೆಂದು ಗುಮಾಸ್ತರು ಹೆಸರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಕೊಡುತ್ತಾರೆ. ಬರೆದವರೆಲ್ಲರೂ ಚಿಕ್ಕಂದಿನಿಂದ ಆಕಾಶ ನೋಡಿದವರೇ. ಇನ್ನೂರು ಅರ್ಜಿ ಮುಗಿಯುವಷ್ಟರಲ್ಲಿ ನನಗೆ ಆಕಾಶವೇ ಸಾಕಾಗಿರುತ್ತದೆ. ಕಳೆದ ಮಂಗಳವಾರ ಒಂದರಲ್ಲಿ ಹೀಗಿತ್ತು: “ಚಿಕ್ಕವಳಿದ್ದಾಗ ಒಬ್ಬರ ಬೆನ್ನ ಹಿಂದೆಯೇ ತಿರುಗುತ್ತಿದ್ದುದರಿಂದ ಮನೆಯಲ್ಲಿ ನನ್ನನ್ನು ಬಾಲ ಎನ್ನುತ್ತಿದ್ದರು. ಬಾಲವಿಲ್ಲದೆ ವಿಮಾನ ನೆಟ್ಟಗೆ ಹಾರುವುದಿಲ್ಲ ಎಂದು ಆಮೇಲೆ ಓದಿ ತಿಳಿದೆ.” ನಾನು ಪಟ್ಟಿ ಕೀಳಲಿಲ್ಲ. ಆ ‘ಒಬ್ಬರು’ ನಾನೇ ಅಲ್ಲವೇ ಅಕ್ಕಾ?

ಮೂರು ವರ್ಷದ ಹಿಂದೆ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ಪೈಲಟ್ ಆಗುತ್ತೇನೆ ಎಂದು ನಿನ್ನ ಮಗಳು ಹೇಳಿದ ದಿನ ನಾನು “ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು” ಎಂದುಬಿಟ್ಟೆ. ಬುದ್ಧಿವಾದ ಎಂದುಕೊಂಡಿದ್ದೆ. “ನಿನಗೂ ಮಕ್ಕಳಿದ್ದಿದ್ರೆ ಈ ಮಾತು ಬರ್ತಿರ್ಲಿಲ್ಲ ಕಣೇ” ಎಂದು ನೀನು ಅಂದೆ. ಅವಳು ತಲೆ ಎತ್ತಲಿಲ್ಲ. ನಾನು ಊಟ ಮುಗಿಸಿ, ತಟ್ಟೆ ತೊಳೆದಿಟ್ಟು ಹೊರಟೆ. ತಟ್ಟೆಯನ್ನೇಕೆ ತೊಳೆದೆ ಎಂದು ಈಗಲೂ ಯೋಚಿಸುತ್ತೇನೆ. ಮನೆಯವಳು ಎಂದು ತೋರಿಸಲಿಕ್ಕೋ, ಇನ್ನು ಬರುವುದಿಲ್ಲ ಎಂದು ತಿಳಿಸಲಿಕ್ಕೋ.

ಅರ್ಜಿಯ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇದೆ: ಈ ಸಂಸ್ಥೆಯಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಕೆಲಸದಲ್ಲಿದ್ದಾರೆಯೇ? ಇದ್ದರೆ ಅರ್ಜಿಯನ್ನು ಪರಿಗಣಿಸುವುದಿಲ್ಲ. ಬಾಲ ದುಂಡಗೆ ‘ಇಲ್ಲ’ ಎಂದು ಬರೆದಿದ್ದಾಳೆ. ಒತ್ತು ಕೂಡ ನೆಟ್ಟಗಿದೆ, ನೀನು ಕಲಿಸಿದ್ದಿರಬೇಕು. ಐದು ದಿನದಿಂದ ಆ ಎರಡಕ್ಷರ ನನ್ನ ಜೊತೆಗೇ ಊಟ ಮಾಡುತ್ತಿವೆ. ನನ್ನ ಕಾರ್ಡು ನಿಮಗೆ ತಲುಪಲೇ ಇಲ್ಲವೇ? ತಲುಪಿಯೂ, ಅವಕಾಶ ತಪ್ಪೀತೆಂದು ಹಾಗೆ ಬರೆದಳೇ? ಅಥವಾ ನಿಮ್ಮ ಮನೆಯಲ್ಲಿ ಚಿಕ್ಕಮ್ಮ ಎನ್ನುವವಳು ಈಗ ಇಲ್ಲವೇ ಇಲ್ಲವೇ? ಮೊದಲನೆಯದಾದರೆ ಅಂಚೆಯ ತಪ್ಪು, ಎರಡನೆಯದಾದರೆ ವಯಸ್ಸಿನ ತಪ್ಪು. ಮೂರನೆಯದಕ್ಕೆ ಯಾರನ್ನು ದೂರಲಿ?

ವಿಷಯ ಹೇಳಿದಾಗ ಗುಮಾಸ್ತರು “ಸುಮ್ನಿದ್ಬಿಡಿ ಮೇಡಂ, ಯಾರಿಗೆ ಗೊತ್ತಾಗುತ್ತೆ?” ಎಂದರು. ಮುಂದೆಂದಾದರೂ ಗೊತ್ತಾದರೆ ಅರ್ಧ ಕಲಿತ ಹುಡುಗಿಯನ್ನು ಕೆಳಗಿಳಿಸುತ್ತಾರೆ. ಹಾಗಾಗಿ ಮರುದಿನ ಮುಖ್ಯಸ್ಥರಿಗೆ ಹೇಳಿಬಿಟ್ಟೆ. ನಿವೃತ್ತ ಪೈಲಟ್ ಅವರು, ಕಿವಿ ಸ್ವಲ್ಪ ಮಂದ. “ಯಾರ ಮಗಳು ಅಂದ್ರಿ?” ಎಂದು ಎರಡು ಸಲ ಕೇಳಿದರು. ಎರಡು ಸಲವೂ “ನಮ್ಮಕ್ಕನ ಮಗಳು” ಎಂದು ಗಟ್ಟಿಯಾಗಿ ಹೇಳಿದೆ. ಮೂರು ವರ್ಷದಿಂದ ಆ ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಇನ್ನೊಂದು ಸಲ ಕೇಳಲಿ ಎನ್ನಿಸಿತು. ಅವರು ಕೇಳಲಿಲ್ಲ. “ಹಾಗಿದ್ರೆ ಇದನ್ನ ಬದಿಗೆ ಇಡ್ಬೇಕಾಗುತ್ತಮ್ಮ” ಎಂದು ಫೈಲನ್ನು ಕಿಟಕಿಯ ಹತ್ತಿರ ಸರಿಸಿದರು. ಅವಳ ದಾರಿಗೆ ಎರಡನೆಯ ಸಲವೂ ಅಡ್ಡ ನಿಂತವಳು ನಾನೇ.

ಬೈಯಬೇಕಾದರೆ ಬೈದುಬಿಡು, ಆದರೆ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತು ಬೈ. ಭಾವನಿಗೆ ನಮಸ್ಕಾರ ತಿಳಿಸು. ಬಾಲಕ್ಕೆ ಒಂದು ಮುತ್ತು. ಇಪ್ಪತ್ತು ದಾಟಿದವಳು ಮುಖ ಸಿಂಡರಿಸಿದರೆ ಅದನ್ನು ನೀನೇ ಇಟ್ಟುಕೋ.

ನಿನ್ನ ಹಠಮಾರಿ ತಂಗಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಅರ್ಜಿಗೆ ಕೊನೆಯ ದಿನ ಮಾರ್ಚ್ 31. ಆ ದಿನ ಕೆಲಸದಲ್ಲಿ ಇರುವವರಿಗೆ ಮಾತ್ರ ಆ ಸಂಬಂಧಿಕರ ನಿಯಮ. ಅದನ್ನು ಟೈಪು ಮಾಡಿದವಳೇ ನಾನು. ಶುಕ್ರವಾರ ರಾಜೀನಾಮೆ ಕೊಟ್ಟೆ. ಮೂವತ್ತಕ್ಕೆ ಬಿಡುತ್ತೇನೆ. ಮುಖ್ಯಸ್ಥರು ನಿಯಮವನ್ನು ಎರಡು ಸಲ ಓದಿ, ಫೈಲನ್ನು ಮತ್ತೆ ಮೇಜಿಗೆ ತಂದಿದ್ದಾರೆ. ಆಯ್ಕೆಯಾಗುವುದು ಬಿಡುವುದು ಅವಳ ಕೈಯಲ್ಲಿದೆ. ಅವಳಿಗೆ ಏನೂ ಹೇಳಬೇಡ. ಅವಳು ಬರೆದ ‘ಇಲ್ಲ’ ಆಫೀಸಿನ ಮಟ್ಟಿಗೆ ನಿಜವಾಗುವ ಹಾಗೆ ನಾನು ಮಾಡಿದ್ದೇನೆ. ಮನೆಯ ಮಟ್ಟಿಗೆ ಅದು ಸುಳ್ಳು ಎಂದು ನೀನು ಒಂದು ಸಾಲು ಬರೆದು ಹಾಕು. ಈ ವಿಳಾಸಕ್ಕೇ ಹಾಕು ಅಕ್ಕಾ. ಆಫೀಸಿಗೆ ಬೇಡ, ಅಲ್ಲಿ ನಾನು ಇರುವುದಿಲ್ಲ.