ವಾಪಸ್ ಪಡೆದ ಧನ್ಯವಾದ

ಕಾಕಾ, ನಿಮ್ಮ ಮಾದೇವಿಯ ಶರಣು.

ಆಶೀರ್ವಾದ ಆಮೇಲೆ ಮಾಡುವಿರಂತೆ. ಮೊದಲು ನಿಮ್ಮ ಜೊತೆ ಒಂದು ಜಗಳ ಆಡುವುದಿದೆ. ನೀವಿದ್ದಾಗ ನಾನು ಎಷ್ಟು ಕೂಗಾಡಿದರೂ ಕ್ಯಾಮೆರಾ ಒರೆಸುತ್ತಾ "ಹೂಂ, ಮುಂದ?" ಅಂದುಬಿಡುತ್ತಿದ್ದಿರಿ. ಈಗ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಪೂರ್ತಿ ಓದಲೇಬೇಕು.

ನಾನು ಮೊದಲ ಸಲ ಪತ್ರಿಕೆಗೆ ಬರೆದ ದಿನ ನೆನಪಿದೆಯಾ? ಸುರಪುರದ ನಿಮ್ಮ ಸ್ಟುಡಿಯೊದಲ್ಲಿ ನಾನಿನ್ನೂ ಫೋಟೊ ಕತ್ತರಿಸಿ ಕವರಿಗೆ ಹಾಕುವುದನ್ನಷ್ಟೇ ಕಲಿತಿದ್ದೆ. ನಮ್ಮ ಓಣಿಯ ನಳದಲ್ಲಿ ರಾಡಿ ನೀರು ಬರುತ್ತಿತ್ತು. ಸಿಟ್ಟಿನಲ್ಲಿ ಎರಡು ಹಾಳೆ ತುಂಬಿಸಿ ತಂದುಕೊಟ್ಟೆ. ನೀವು ಕೆಂಪು ಪೆನ್ನು ತೆಗೆದು ಮುಕ್ಕಾಲು ಪಾಲು ಹೊಡೆದುಹಾಕಿದಿರಿ. "ಬೈಗಳ ತಗದರ ಏನು ಉಳೀತದ, ಅಷ್ಟು ಬರಿ. ಯಾವ ಓಣಿ, ಯಾವ ನಳ, ಯಾವಾಗಿಂದ. ಓದಿದಾಂವ ಸೀದಾ ಬಂದು ಆ ನಳದ ಮುಂದ ನಿಂದರಬೇಕು" ಅಂದಿರಿ. ಅದು ಓದುಗರ ಪತ್ರಗಳ 'ನಮ್ಮೂರ ಮಾತು' ಅಂಕಣದಲ್ಲಿ ಅಚ್ಚಾಯಿತು, ನೀರೂ ತಿಳಿಯಾಯಿತು. ನಾನು ಊರಿಗೆಲ್ಲ ಪೇಪರ್ ತೋರಿಸಿಕೊಂಡು ಬರುವಷ್ಟರಲ್ಲಿ ನೀವು ಇನ್ನೊಂದು ಹಾಳೆ ಮುಂದಿಟ್ಟಿರಿ. "ಈಗ ಧನ್ಯವಾದ ಬರಿ. ಬೈದ ಕೈಲೇನ ಬರೀಬೇಕು. ಇಲ್ಲಂದ್ರ ನಾಳಿ ನಿನ್ನ ಮಾತು ಯಾರೂ ಕೇಳಂಗಿಲ್ಲ."

ನನ್ನ ಜಗಳ ಇರುವುದು ಆ ಎರಡನೇ ಹಾಳೆಯ ಮೇಲೆ.

ನೀವು ಹೋದ ಮೇಲೆ ಜನ ಸ್ಟುಡಿಯೊಕ್ಕೆ ಬರುವುದನ್ನು ಬಿಡಲಿಲ್ಲ. ಬಂದು, ಗೋಡೆಯ ಮೇಲಿನ ನಿಮ್ಮ ಫೋಟೊಕ್ಕೆ ಕೈಮುಗಿದು, ನನ್ನ ಕಡೆ ತಿರುಗಿ "ಕಾಕಾ ಇದ್ದಿದ್ರ ಬರೀತಿದ್ರು ನೋಡ್ರಿ" ಅನ್ನುತ್ತಾರೆ. ನೀವೇ ಬರೆಯಿರಿ, ನಾನು ತಿದ್ದಿ ಕೊಡುತ್ತೇನೆ ಅಂದರೆ, "ನಮ್ಮ ಹೆಸರು ಯಾಕ ಬೇಕ್ರಿ ಅಕ್ಕಾರ" ಎಂದು ಜಾಗ ಖಾಲಿ ಮಾಡುತ್ತಾರೆ. ಮೊಬೈಲಿನ ಗುಂಪುಗಳಲ್ಲಿ ಇದೇ ಮಂದಿ ಇಡೀ ಸರ್ಕಾರವನ್ನು ಜಾಲಾಡುತ್ತಾರೆ ಕಾಕಾ. ಒಂದು ಚರಂಡಿಯ ಬಗ್ಗೆ ಹೆಸರು, ಊರು ಹಾಕಿ ನಾಲ್ಕು ಸಾಲು ಬರೆಯಿರಿ ಅಂದರೆ ಎಲ್ಲರಿಗೂ ಏನೋ ಕೆಲಸ ನೆನಪಾಗುತ್ತದೆ. ಎಲ್ಲರ ಸಿಟ್ಟಿಗೂ ನಾನೊಬ್ಬಳೇ ಸಹಿ ಹಾಕಬೇಕೇನು?

ಆದರೆ ಮಲ್ಲಣ್ಣ ಬಂದಾಗ ನನಗೆ ಇಲ್ಲ ಅನ್ನಲು ಆಗಲಿಲ್ಲ. ಮಡ್ಡಿ ಕ್ರಾಸಿನ ಮಲ್ಲಣ್ಣ, ಗೌಂಡಿ ಕೆಲಸದವನು. ನಿಮಗೆ ಗೊತ್ತು, ನಮ್ಮ ಸ್ಟುಡಿಯೊದ ಕಟ್ಟೆ ಕಟ್ಟಿದ್ದು ಅವನೇ. ಅವನ ಮಗಳು ಅಂಬಿಕಾ ಈಗ ಸುರಪುರದಲ್ಲಿ ಪಿಯುಸಿ ಎರಡನೇ ವರ್ಷ. ಸಂಜೆ ಐದೂವರೆಗೆ ಶಹಾಪುರದ ಕಡೆ ಹೋಗುವ ಹಳ್ಳಿ ಬಸ್ಸನ್ನು ಹೇಳದೆ ಕೇಳದೆ ನಿಲ್ಲಿಸಿಬಿಟ್ಟಿದ್ದರು. ಆಮೇಲಿನ ಬಸ್ಸುಗಳು ಮಡ್ಡಿ ಕ್ರಾಸಿನಲ್ಲಿ ನಿಲ್ಲುವುದಿಲ್ಲ. ಮಲ್ಲಣ್ಣ ದಿನವೂ ಶಹಾಪುರದ ಕೆಲಸ ಅರ್ಧಕ್ಕೆ ಬಿಟ್ಟು, ಬೈಕ್ ಹಾಕಿಕೊಂಡು ಮಗಳನ್ನು ಕರೆದೊಯ್ಯಲು ಬರುತ್ತಿದ್ದ. "ಮೇಸ್ತ್ರಿ ನಾಳಿಂದ ಬರಬ್ಯಾಡ ಅನ್ನಾಕತ್ತಾನ್ರಿ. ಹಿಂಗಾದ್ರ ಕಾಲೇಜ ಬಿಡಸೂದಾ. ನನಗೇನು ಮನಸ್ಸದ ಅಂದ್ಕೊಂಡೀರೇನು?" ಅಂದ. ಅಂಬಿಕಾ ಬೆಂಚಿನ ಮೇಲೆ ಕೂತಿದ್ದಳು. ಅಪ್ಪ ಹೊರಗೆ ಹೋದ ಮೇಲೆ ಮೆಲ್ಲಗೆ, "ಅಕ್ಕಾ, ನನಗ ನರ್ಸಿಂಗ್ ಓದೋದದ. ಇದೊಂದು ವರ್ಷ ಮುಗದ್ರ ಸಾಕು" ಅಂದಳು.

ಬರೆದೆ. ನೀವು ಕಲಿಸಿದ ಹಾಗೇ ಬರೆದೆ, ಒಂದು ಬೈಗುಳ ಇಲ್ಲದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ್ದೀರಿ, ಸಂತೋಷ, ಆದರೆ ಬಸ್ಸೇ ಬರದಿದ್ದರೆ ಪುಕ್ಕಟೆಯನ್ನು ತೆಗೆದುಕೊಂಡು ಏನು ಮಾಡುವುದು ಎಂದು ಕೇಳಿದೆ. ಅಚ್ಚಾದ ವಾರದೊಳಗೆ ಬಸ್ಸು ಬಂತು. ಮೊದಲ ದಿನ ಅಂಬಿಕಾ ಗೆಳತಿಯರಿಬ್ಬರ ಜೊತೆ ಬಸ್ಸಿನ ಕಿಟಕಿಯಿಂದ ನನಗೆ ಕೈಬೀಸಿ ಹೋದಳು. ಮರುದಿನ ಬಸ್ ಡಿಪೊದ ಸಾಹೇಬರ ಫೋನು. "ಮೇಡಂರ, ಧನ್ಯವಾದ ಒಂದು ಹಾಕಸ್ರಿ. ಮ್ಯಾಲಿನವರಿಗೆ ತೋರಸಬೇಕು. ನಿಮ್ಮ ಕಾಕಾ ತಪ್ಪದಂಗ ಬರೀತಿದ್ರು" ಅಂದರು. ನಿಮ್ಮ ಹೆಸರು ಹೇಳಿದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಅವತ್ತೇ ಬರೆದು ಕಳಿಸಿದೆ. ಮಡ್ಡಿ ಕ್ರಾಸಿನ ವಿದ್ಯಾರ್ಥಿನಿಯರ ಬವಣೆ ನೀಗಿತು, ಸ್ಪಂದಿಸಿದ ಅಧಿಕಾರಿಗಳಿಗೆ ಕೃತಜ್ಞತೆಗಳು ಎಂದು.

ಆ ಧನ್ಯವಾದವನ್ನು ಮಲ್ಲಣ್ಣ ಶಹಾಪುರದ ಚಹಾದಂಗಡಿಯಲ್ಲಿ ಓದಿದ್ದಾನೆ. ಇನ್ನು ಚಿಂತೆ ಇಲ್ಲವೆಂದು ಅವತ್ತು ಸ್ಲ್ಯಾಬ್ ಹಾಕುವ ಕೆಲಸಕ್ಕೆ ನಿಂತ. ಸ್ಲ್ಯಾಬ್ ಶುರುವಾದರೆ ಮುಗಿಯುವ ತನಕ ಯಾರೂ ಕೆಳಗಿಳಿಯುವ ಹಾಗಿಲ್ಲವಲ್ಲ. ಅವತ್ತೇ ಐದೂವರೆ ಬಸ್ಸು ಬರಲಿಲ್ಲ. ಯಾವುದೋ ಪಕ್ಷದ ಸಮಾವೇಶಕ್ಕೆ ಜನರನ್ನು ತುಂಬಿಕೊಂಡು ಹೋಗಿತ್ತಂತೆ. ಹುಡುಗಿಯರು ಮೂವರೂ ಕತ್ತಲಾಗುವ ತನಕ ಸ್ಟ್ಯಾಂಡಿನಲ್ಲಿ ಕಾದು, ಒಂದು ಗೂಡ್ಸ್ ಟೆಂಪೊ ಹಿಡಿದು, ಅದು ಅರ್ಧ ದಾರಿಯಲ್ಲಿ ಇಳಿಸಿಹೋದ ಮೇಲೆ ನಡೆಯುತ್ತಾ ಬಂದಿದ್ದಾರೆ. ಮನೆಗೆ ಬಂದ ಮಲ್ಲಣ್ಣನಿಗೆ ಮಗಳು ಇಲ್ಲ. ಕೈಗೆ ಹತ್ತಿದ ಸಿಮೆಂಟೂ ತೊಳೆಯದೆ ಬೈಕ್ ಹತ್ತಿದವನಿಗೆ ದಾರಿಯಲ್ಲಿ ಸಿಕ್ಕರು. ಏನೂ ಆಗಿರಲಿಲ್ಲ ಕಾಕಾ. ಆದರೆ ಅವರು ಕಣ್ಣಿಗೆ ಬೀಳುವ ತನಕ ಅವನು ಆ ರಸ್ತೆಯಲ್ಲಿ ಏನೇನು ನೆನೆಸಿಕೊಂಡಿರಬಹುದು…

ಮರುದಿನ ಬೆಳಿಗ್ಗೆ ಬಂದ. ಕೂಗಾಡಿದ್ದರೆ ನನಗೂ ಕೂಗಾಡಲು ಬರುತ್ತಿತ್ತು. ಮಡಚಿದ ಪೇಪರ್ ಕೌಂಟರಿನ ಮೇಲಿಟ್ಟು, "ನೀವಾ ಬರದೀರಲ್ರಿ ಅಕ್ಕಾರ, ಬಸ್ ಬಂದದ ಅಂತ. ನಿಮ್ಮನ್ನ ನಂಬಿ ಸ್ಲ್ಯಾಬಿಗಿ ನಿಂತೆ" ಅಂದ. ಅಷ್ಟೇ. ಅಂಬಿಕಾ ಅವತ್ತಿನಿಂದ ಕಾಲೇಜಿಗೆ ಬರಲಿಲ್ಲ. ಉಳಿದಿಬ್ಬರನ್ನೂ ಮನೆಯವರು ನಿಲ್ಲಿಸಿದರು.

ಸಮಾವೇಶ ಮುಗಿಯಿತು, ಬಸ್ಸು ಮಾತ್ರ ತಿರುಗಿ ಬರಲಿಲ್ಲ. ಸಾಹೇಬರಿಗೆ ಫೋನು ಮಾಡಿದೆ. ಅವರು ಏನೆಂದರು ಗೊತ್ತೇ? "ಸಮಸ್ಯೆ ಬಗಿಹರಿದದ ಅಂತ ನೀವಾ ಬರದೀರಿ. ನಿಮ್ಮ ಧನ್ಯವಾದ ಫೈಲಿನಾಗ ಅದ ಮೇಡಂರ. ಈಗ ಬೇಕಂದ್ರ ಹೊಸದಾಗಿ ಅರ್ಜಿ ಕೊಡ್ರಿ." ಫೋನಿಟ್ಟು, ನಿಮ್ಮ ಫೋಟೊದ ಮುಂದೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ಪಾಸ್‌ಪೋರ್ಟ್ ಫೋಟೊಕ್ಕೆ ಬಂದಿದ್ದ ಗಿರಾಕಿಯೊಬ್ಬ ಹೊಸ್ತಿಲಲ್ಲೇ ನಿಂತು, ಆಮೇಲೆ ಬರುತ್ತೇನೆ ಎಂದು ಹೊರಟುಹೋದ. ನಿಮ್ಮ ಕಾಲದಲ್ಲಿ ಧನ್ಯವಾದ ಅಂದರೆ ಮಾಡಿದವನ ಬೆನ್ನು ತಟ್ಟುವುದಾಗಿತ್ತೋ ಏನೋ. ಈಗ ಅದರಿಂದ ನಮ್ಮ ಬಾಯನ್ನೇ ಮುಚ್ಚಿಸುತ್ತಾರೆ. ಇದು ನಿಮಗೆ ಹೊಳೆದಿರಲಿಲ್ಲವೇ? ಅಥವಾ ನಿಮಗೂ ಹೀಗೇ ಮಾಡಿದ್ದರು, ನೀವು ನನಗೆ ಹೇಳಲಿಲ್ಲ ಅಷ್ಟೇ…

ಅಂದು ಅಂಗಡಿ ಮುಚ್ಚುವ ಮೊದಲು ಒಂದು ಪತ್ರ ಬರೆದೆ. ಮಡ್ಡಿ ಕ್ರಾಸಿನ ಬಸ್ಸಿಗಾಗಿ ಇದೇ ಅಂಕಣದಲ್ಲಿ ನಾನು ಸಲ್ಲಿಸಿದ್ದ ಧನ್ಯವಾದವನ್ನು ಈ ಮೂಲಕ ವಾಪಸ್ ಪಡೆಯುತ್ತಿದ್ದೇನೆ, ದಯವಿಟ್ಟು ಕಡತದಿಂದ ತೆಗೆಯಬೇಕು ಎಂದು. ಯಾದಗಿರಿಯಿಂದ ಪತ್ರಿಕೆಯ ಉಪಸಂಪಾದಕರು ಫೋನು ಮಾಡಿದರು. "ಮೇಡಂ, ಧನ್ಯವಾದ ವಾಪಸ್ ತಗೊಳ್ಳೋ ಪದ್ಧತಿ ನಮ್ಮ ಅಂಕಣದಾಗ ಇಲ್ರಿ."

"ಇಲ್ಲಂದ್ರ ಸುರು ಮಾಡ್ರಿ. ಕೊಟ್ಟಾಕಿ ನಾನು, ವಾಪಸ್ ಕೇಳಾಕಿ ನಾನು. ನಡುವ ನಿಮಗೇನು ತ್ರಾಸ?"

ಅವರು ನಕ್ಕರು, ಹಾಕಿದರು. ಆಮೇಲೆ ನೋಡಬೇಕಿತ್ತು ಕಾಕಾ. ಗುರುಮಠಕಲ್ಲಿನ ಒಬ್ಬ ಮಾಸ್ತರರು ಬೀದಿ ದೀಪಕ್ಕೆ ಹೇಳಿದ್ದ ಧನ್ಯವಾದ ವಾಪಸ್ ಪಡೆದರು, ದೀಪ ಎರಡೇ ರಾತ್ರಿ ಉರಿದಿತ್ತಂತೆ. ಸೈದಾಪುರದಿಂದ ಕಾರ್ಖಾನೆ ಕೆಲಸಗಾರನೊಬ್ಬ ಕುಡಿಯುವ ನೀರಿನ ಘಟಕದ ಧನ್ಯವಾದ ವಾಪಸ್ ಕೇಳಿದ, ಅದು ಉದ್ಘಾಟನೆಯ ದಿನ ಮಾತ್ರ ನೀರು ಕೊಟ್ಟಿತ್ತು. ಶಹಾಪುರದ ಹತ್ತಿ ವ್ಯಾಪಾರಿಯೊಬ್ಬರು ರಸ್ತೆಗುಂಡಿಗೆ ಮಣ್ಣು ಮುಚ್ಚಿದವರಿಗೆ ಕೊಟ್ಟಿದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಹೆಸರು ಬೇಡ ಅನ್ನುತ್ತಿದ್ದ ಮಂದಿಯೇ ಹೆಸರು, ಊರು ಹಾಕಿ ಬರೆಯತೊಡಗಿದರು. ಅಂಕಣವೆಲ್ಲ ವಾಪಸಾತಿಯೇ. ಇದನ್ನು ನೋಡಿ ನೀವು ಖುಷಿ ಪಡುತ್ತಿದ್ದಿರೋ, ಮುಖ ಗಂಟು ಹಾಕಿಕೊಳ್ಳುತ್ತಿದ್ದಿರೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆದರೆ ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಬಜಾರಿನಲ್ಲಿ ಹೋದರೆ ಸಾಕು, "ಭಾರಿ ಕೊಟ್ರಿ ಬಿಡ್ರಿ ಅಕ್ಕಾರ" ಅನ್ನುತ್ತಿದ್ದರು. ಕೆಲವರು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಆ ಮಡ್ಡಿ ಕ್ರಾಸಿನ ಹುಡುಗಿ ಮತ್ತೆ ಕಾಲೇಜಿಗೆ ಬಂದಳೇ ಎಂದು ಒಬ್ಬರಾದರೂ ಕೇಳಬೇಡವೇ? ಒಬ್ಬರೂ ಕೇಳಲಿಲ್ಲ. ಓದಿ ನಕ್ಕು, ಪೇಪರ್ ಮಡಚಿ ಇಟ್ಟರು.

ಕೊನೆಗೂ ಬಸ್ಸು ಬಿಟ್ಟರು. ಸಾಹೇಬರೇ ಫೋನು ಮಾಡಿ ಸುದ್ದಿ ಹೇಳಿದರು, ಸ್ವಲ್ಪ ಬಿರುಸಾಗಿಯೇ. "ಬಸ್ ಬಿಟ್ಟು ವಾರ ಆತು. ನಿಮ್ಮ ಹುಡುಗ್ಯಾರು ಒಬ್ಬರೂ ಹತ್ತವಲ್ರು. ಖಾಲಿ ಗಾಡಿ ಎಷ್ಟು ದಿನ ಓಡಸೂದ್ರಿ? ಮತ್ತ ಬಂದ್ ಮಾಡಿದ್ರ ನಮಗ ಅನ್ನಬ್ಯಾಡ್ರಿ." ಅವತ್ತು ಸಂಜೆ ನಾನೇ ಆ ಬಸ್ಸು ಹತ್ತಿದೆ. ಮೂವರು ಮುದುಕರು, ಒಂದಿಷ್ಟು ಗಂಟುಮೂಟೆ, ನಾನು. ಮಡ್ಡಿ ಕ್ರಾಸಿನಲ್ಲಿ ಕಂಡಕ್ಟರ್ ಊರಿನ ಹೆಸರು ಕೂಗಿದ. ಇಳಿದದ್ದು ನಾನೊಬ್ಬಳೇ.

ಮಲ್ಲಣ್ಣನ ಮನೆಯಲ್ಲಿ ಅಂಬಿಕಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು. ಮಲ್ಲಣ್ಣ ನೀರು ಕೊಟ್ಟ, ಚಹಾ ಮಾಡಿಸಿದ. ಮನಸ್ಸಿನಲ್ಲಿ ಏನಿದ್ದರೂ ಮರ್ಯಾದೆಗೆ ಕಡಿಮೆ ಮಾಡಲಿಲ್ಲ.

"ಬಸ್ ಬಂದದ ಮಲ್ಲಣ್ಣ. ನಾನು ಅದರಾಗಾ ಬಂದೆ."

"ಬಂದಿರಬೇಕ್ರಿ. ನಾಳಿ ಬರ್ತದ ಅಂತ ಯಾರು ಹೇಳೋರು?"

"ಬರಲಿಲ್ಲಂದ್ರ ಮತ್ತ ಬರೀತೀನಿ."

"ಬರೀಬ್ಯಾಡ್ರಿ ಅಕ್ಕಾರ." ಚಹಾದ ಕಪ್ಪು ಕೆಳಗಿಟ್ಟು ಅಂದ, "ನೀವು ದಿನಾ ಆ ಬಸ್ಸಿನಾಗ ಕುಂದರ್ತೀರೇನು? ಬಸ್ ಬರಲಿಲ್ಲಂದ್ರ ನೀವೂ ಅವರ ಸಂಗಟ ನಿಂದರಬೇಕು. ಹಂಗಾದ್ರ ಕಳಸ್ತೀನಿ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ನಾನು ಹೂಂ ಅಂದುಬಿಟ್ಟೆ. ಮಲ್ಲಣ್ಣನ ಬೈಕಿನಲ್ಲಿ ಊರಿಗೆ ವಾಪಸ್ ಬರುವಾಗ ಹೊಳೆಯಿತು, ಸಂಜೆಯೇ ನಮಗೆ ಗಿರಾಕಿ ಬರುವ ಹೊತ್ತು. ಸಿಟ್ಟೂ ಬಂತು. ಒಂದು ಬಸ್ಸು ಹೊತ್ತಿಗೆ ಬರುತ್ತದೆ ಎಂದು ಒಬ್ಬ ತಂದೆ ನಂಬಬೇಕಾದರೆ ಊರಿನ ಒಬ್ಬ ಹೆಂಗಸು ಅಂಗಡಿ ಮುಚ್ಚಿ ಅದರಲ್ಲಿ ಕೂರಬೇಕೇ? ಅಷ್ಟು ಕಚೇರಿಗಳು, ಅಷ್ಟು ಸಾಹೇಬರು, ಅಷ್ಟು ಭಾಷಣಗಳು ಇದ್ದದ್ದು ಯಾತಕ್ಕೆ? ನನಗೆ ಉತ್ತರ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಕನಸಿನಲ್ಲಾದರೂ ಬಂದು ಹೇಳಿ.

ಸೋಮವಾರದಿಂದ ಹೋಗುತ್ತಿದ್ದೇನೆ. ಅಂಬಿಕಾ ಬರುತ್ತಿದ್ದಾಳೆ ಎಂದು ಗೊತ್ತಾಗಿ ಉಳಿದಿಬ್ಬರೂ ಬಂದರು. ಅವರನ್ನು ಕ್ರಾಸಿನಲ್ಲಿ ಇಳಿಸಿ, ಅದೇ ಬಸ್ಸಿನಲ್ಲಿ ಶಹಾಪುರ ಮುಟ್ಟಿ ತಿರುಗಿ ಬರುತ್ತೇನೆ. ಕಂಡಕ್ಟರ್ ನನ್ನನ್ನು ತನಿಖೆಗೆ ಬಂದವಳು ಅಂದುಕೊಂಡಿದ್ದಾನೆ, ನಾನೂ ಅಲ್ಲ ಅನ್ನಲಿಲ್ಲ.

ನಿನ್ನೆ ಬಸ್ಸು ಬರಲಿಲ್ಲ ಕಾಕಾ. ಮತ್ತೆ ಯಾವುದೋ ಸಭೆಯಂತೆ. ನಾವು ನಾಲ್ವರೂ ನಿಂತೆವು. ಸಾಹೇಬರು ಫೋನು ಎತ್ತಲಿಲ್ಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಎಲ್ಲ ಮುಗಿಯಿತು, ಇನ್ನು ಮಲ್ಲಣ್ಣನಿಗೆ ಯಾವ ಮುಖ ತೋರಿಸಲಿ ಅಂದುಕೊಂಡೆ. ಕೊನೆಗೆ ಗುರುತಿನ ಆಟೊದವನನ್ನು ಒಪ್ಪಿಸಿ ಹೊರಡುವಾಗ ಕತ್ತಲಾಗಿತ್ತು. ಮಡ್ಡಿ ಕ್ರಾಸಿನಲ್ಲಿ ಮಲ್ಲಣ್ಣ ಬೈಕ್ ನಿಲ್ಲಿಸಿಕೊಂಡು ರಸ್ತೆಯನ್ನೇ ನೋಡುತ್ತಿದ್ದ. ಹುಡುಗಿಯರು ಇಳಿದರು. ಅವರ ಹಿಂದೆ ನಾನು ಇಳಿದೆ. ಅವನು ನನ್ನನ್ನು ನೋಡಿದ. ಮಗಳ ಕೈಯಿಂದ ಬ್ಯಾಗು ತೆಗೆದುಕೊಂಡು, "ನಡಿ, ಉಂಡು ಮಕ್ಕೋ. ಮುಂಜಾನಿ ಜಲ್ದಿ ಏಳಬೇಕು, ಕಾಲೇಜ ಅದ" ಅಂದ.

ಇದು ನಿಮಗೆ ಹೇಳಬೇಕಾಗಿದ್ದ ಸುದ್ದಿ. ಅಂಬಿಕಾಳ ಪರೀಕ್ಷೆ ಮುಗಿಯುವ ತನಕ ಸಂಜೆ ಸ್ಟುಡಿಯೊ ತೆರೆಯುವುದಿಲ್ಲ, ಸಿಟ್ಟು ಮಾಡಿಕೊಳ್ಳಬೇಡಿ. ಈಗ ಐದು ಗಂಟೆ ಆಗುತ್ತಾ ಬಂತು. ಬಾಗಿಲು ಹಾಕಬೇಕು, ಹೊರಡುತ್ತೇನೆ.

ನಿಮ್ಮ ಮಾದೇವಿ