ಬಾಗಿಲೆದುರಿನ ಹೂವಿನ ತಟ್ಟೆ

ಬಾಲಿ ದ್ವೀಪ
ಜುಲೈ ೯, ೨೦೨೫

ನಮ್ಮ ಮನೆಯವರಿಗೆ ದುರ್ಗಿಯ ನಮಸ್ಕಾರ.

ಫೋನ್ ಬಿಟ್ಟು ಕಾಗದ ಬರೆದು ಅದರ ಫೋಟೋ ಕಳಿಸುತ್ತಿದ್ದಾಳಲ್ಲ, ಇವಳಿಗೆ ಎಂತ ಆಯಿತು ಅಂತ ಗಾಬರಿಯಾಗಬೇಡಿ. ಮಗಳು ಅಳಿಯ ಬೇಕಂತಲೇ ನನ್ನನ್ನೂ ಬೀಗಿತ್ತಿ ಗಣಪಕ್ಕನನ್ನೂ ಒಂದೇ ಕೋಣೆಗೆ ಹಾಕಿದ್ದಾರೆ. ಪಕ್ಕದ ಮಂಚದಲ್ಲಿ ಅವರು ಕಣ್ಣು ಮುಚ್ಚಿ, ಕಿವಿ ತೆರೆದು ಮಲಗಿರುವಾಗ ಫೋನಿನಲ್ಲಿ ಎಂತ ಮಾತಾಡಲಿ?

ಸುಶ್ಮಿತಾ ವಿಮಾನದಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದಳು. ಊರಿಗೆ ಮರಳುವುದರೊಳಗೆ ಅಮ್ಮ, ಅತ್ತೆ ಮಾತಾಡದಿದ್ದರೆ ಬಾಣಂತನಕ್ಕೆ ಇಬ್ಬರೂ ಬೇಡವಂತೆ, ಹೊರಗಿನವರನ್ನು ಇಡುತ್ತಾಳಂತೆ. ನಮ್ಮ ಮೊದಲ ಮೊಮ್ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವುದು ಯಾರೋ! ಹೊಟ್ಟೆ ಉರಿದುಹೋಯಿತು. ಆದರೂ ಮದುವೆಯ ದಿನ ನಮ್ಮ ತದಡಿಯ ಇಸವಾಣ ಮೀನಿನ ಸಾರು ಉಂಡು, ಹುಳಿ ಇಲ್ಲ, ನಮ್ಮ ಶಿರಾಲಿಯಲ್ಲಾದರೆ ಇದನ್ನು ಜ್ವರ ಬಂದವರಿಗೆ ಕೊಡುತ್ತೇವೆ ಅಂದ ಹೆಂಗಸು ಇವರು, ಅಂದಿನಿಂದ ನಮಗೆ ಮಾತಿಲ್ಲ. ನಾನೇ ಮೊದಲು ಮಾತಾಡಬೇಕಾ?

ರೆಸಾರ್ಟು ಚಂದವೇ. ತೆಂಗಿನಮರ, ದಡದ ಹೊಯ್ಗೆ, ಮೀನಿನ ವಾಸನೆ, ಎಲ್ಲ ನಮ್ಮದೇ. ಸಮುದ್ರ ಎದುರಿಗೇ ಇದ್ದರೂ ಜನ ಪಕ್ಕದಲ್ಲಿ ಹೊಂಡ ಕಟ್ಟಿಕೊಂಡು ಅದರಲ್ಲಿ ಬಿದ್ದಿರುತ್ತಾರೆ. ಸಂಜೆ ಕೋರೆಹಲ್ಲಿನ ಮುಖವಾಡ ಹಾಕಿ ಕುಣಿದರು. ನಮ್ಮ ಯಕ್ಷಗಾನದ ರಾಕ್ಷಸ ವೇಷ ಬಂದ ಹಾಗೇ ಆಯಿತು. ಆದರೆ ಅದರ ಬಾಯಲ್ಲಿ ಒಂದು ಮಾತೂ ಇಲ್ಲ, ನನಗೆ ನಿದ್ದೆ ಬಂತು.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದವಳು ಇಟ್ಟ ಕಾಲು ಹಿಂದೆ ತೆಗೆದೆ. ಹೊಸ್ತಿಲ ಎದುರು ನೆಲದ ಮೇಲೆ ಗರಿಯ ಸಣ್ಣ ತಟ್ಟೆ. ಒಳಗೆ ಕೆಂಪು ಹೂವು, ಅಕ್ಕಿಕಾಳು, ಹೊಗೆಯಾಡುವ ಊದಿನಕಡ್ಡಿ. ಅಯ್ಯೋ ದೇವರೇ, ಮಾಟ! ಇಷ್ಟು ದೂರ ಬಂದು ನಮಗೆ ಮಾಟ ಮಾಡುವವರು ಗಣಪಕ್ಕನನ್ನು ಬಿಟ್ಟು ಇನ್ಯಾರು? ದಾಟಬಾರದಲ್ಲ, ಕೋಣೆಯ ಹಿಂದಿನ ಜಗಲಿಯ ಕಟ್ಟೆ ಹತ್ತಿ ಹೊರಗೆ ಇಳಿದೆ. ನೋಡಿದರೆ ಗಣಪಕ್ಕನೂ ಸೀರೆ ಎತ್ತಿ ಕಟ್ಟಿ ಅದೇ ಕಟ್ಟೆ ಹತ್ತುತ್ತಿದ್ದಾರೆ! ಇಬ್ಬರೂ ಹಾಗೇ ಹೊಂಡದ ಅಂಚಿನಲ್ಲಿ ಜಾರುತ್ತ ತಿಂಡಿಗೆ ಹೋದೆವು. ಸುಶ್ಮಿತಾ ಕೇಳಿದ್ದಕ್ಕೆ ಗಾಳಿಗೆ ಬಂದೆವು ಅಂದೆ.

ಇವತ್ತು ಬೆಳಿಗ್ಗೆ ನೋಡಿದರೆ ಮತ್ತೆ ತಟ್ಟೆ. ಆಗ ಗಣಪಕ್ಕನೇ ಮೊದಲು ಬಾಯಿ ಬಿಟ್ಟರು. ಮಾಟ ಮಾಡಿದ್ದು ನಾನು ಅಂತ ಅವರು ನಿದ್ದೆಯನ್ನೇ ಮಾಡಿಲ್ಲವಂತೆ! ನಾನು ನನ್ನ ಗುಮಾನಿ ಹೇಳಿದೆ. ನಾನಲ್ಲ, ಅವರೂ ಅಲ್ಲ. ಹಾಗಾದರೆ ಮೂರನೆಯವರು ಯಾರೋ ಇದ್ದಾರೆ ಅಂತ ಇಬ್ಬರೂ ಬಾಗಿಲಿಗೆ ಚಿಲಕ ಹಾಕಿದೆವು.

ಅಷ್ಟರಲ್ಲಿ ಯಾರೋ ಬಚ್ಚಲುಮನೆಯಲ್ಲಿ ಉಪ್ಪು, ಮೆಣಸು ನಿವಾಳಿಸಿ ಸುಟ್ಟರಂತೆ. ಆ ಹೊಗೆಗೆ ಇಡೀ ರೆಸಾರ್ಟಿನ ಬೆಂಕಿ ಗಂಟೆ ಬಡಿದುಕೊಂಡಿತು. ಬಿಳಿಯರೆಲ್ಲ ಟವೆಲ್ ಸುತ್ತಿಕೊಂಡು ಕೆಮ್ಮುತ್ತ ಹುಲ್ಲಿನ ಮೇಲೆ ನಿಂತರು. ಜನರಿಗೆ ಎಂತ ಬುದ್ಧಿಯೋ! ಕೋಣೆ ಗುಡಿಸುವ ಹೆಂಗಸು ಓಡಿಬಂದು ಕೈಮುಗಿದಳು. ಅಳಿಯ ವಿಶಾಲ ಅವಳ ಮಾತು ಕೇಳಿ ತಿಳಿಸಿ ಹೇಳಿದ. ಆ ತಟ್ಟೆ ದೇವರಿಗೆ ಇಟ್ಟದ್ದಂತೆ. ಇಲ್ಲಿ ದಿನಾ ಎಲ್ಲರ ಬಾಗಿಲಲ್ಲೂ ಇಡುತ್ತಾರಂತೆ, ಒಳಗಿರುವವರು ಚೆನ್ನಾಗಿರಲಿ ಅಂತ. ನನಗೆ ನಾಚಿಕೆಯಾಗಿ ನೆಲ ನೋಡುತ್ತ ನಿಂತೆ.

ಮಳೆಗಾಲಕ್ಕೆ ಮೀನಿನ ಬೋಟು ದಡದಲ್ಲಿರುವಷ್ಟು ದಿನ ನೀವು ಮನೆಯಲ್ಲೇ ಇರುತ್ತೀರಲ್ಲ, ಬೆಕ್ಕಿಗೆ ಅನ್ನ ಹಾಕಿ. ನಾನು ಯಾರ ಮುಂದೂ ತಲೆ ಬಗ್ಗಿಸಿಲ್ಲ ಅಂತ ನೆನಪಿರಲಿ.

ನಿಮ್ಮ
ದುರ್ಗಿ

ತಾ.ಕ.: ಬೀಗರೇ, ಇದು ಗಣಪಿಯ ಅಕ್ಷರ. ಫೋಟೋ ತೆಗೆಯಲು ಬಾರದೆ ಇವರು ಕಾಗದವನ್ನು ನನ್ನ ಕೈಗೇ ಕೊಟ್ಟರು. ಕೊಟ್ಟ ಮೇಲೆ ಓದದೆ ಇರಲು ನಾನೇನು ದೇವರಾ? ಆ “ಯಾರೋ” ನಾವೇ. ಮೆಣಸು ಇವರದು, ಉಪ್ಪು ನನ್ನದು. ಮೊದಲು ಬಾಯಿ ಬಿಟ್ಟದ್ದೂ ಇವರೇ. ನನ್ನ ಕೈ ಹಿಡಿದು ಅಳುತ್ತಾ, “ಗಣಪಕ್ಕ, ನಂಗೆ ಎಂತ ಬೇಕಾದ್ರೂ ಮಾಡಿ, ಬಸುರಿ ಹುಡುಗಿಗೆ ಮಾತ್ರ ಎಂತದೂ ಮಾಡ್ಬೇಡಿ” ಅಂದರು. ನನಗೂ ಅಳು ತಡೆಯಲಾಗಲಿಲ್ಲ. ಬಾಣಂತನ ತದಡಿಯಲ್ಲೇ ಆಗಲಿ ಅಂದಿದ್ದೇನೆ, ಸುಶ್ಮಿತಾ “ಆತು” ಅಂದಳು. ನನಗೂ ಒಂದು ಮಂಚ ಹಾಕಿಡಿ. ಮೀನುಸಾರು ಇವರೇ ಮಾಡಲಿ, ಹುಳಿ ನಾನು ಶಿರಾಲಿಯಿಂದ ತರುತ್ತೇನೆ.